ಸವಳಿನಲ್ಲಿ ನೆಟ್ಟ ಕಡಲ ಬಳ್ಳಿ

ನನ್ನ ತವರು ಹೊನ್ನಾವರದ ಕಡೆ. ಅಲ್ಲಿ ಉಪ್ಪುನೀರು ಬಂದುಹೋಗುವ ದಂಡೆಯ ತುಂಬ ಒಂದು ಬಳ್ಳಿ ಹಬ್ಬುತ್ತದೆ. ದಪ್ಪ ಎಲೆ, ಕೆಂಪು ಕಾಂಡ, ನಸುಗೆಂಪು ಹೂ. ಅದರ ಕುಲದ ಹೆಸರು ಸೆಸುವಿಯಂ ಎಂದು ಕಾಲೇಜಿನಲ್ಲಿ ಓದಿದ್ದೆ. ಮದುವೆಯಾಗಿ ಬಯಲುಸೀಮೆಯ ಮಮದಾಪುರಕ್ಕೆ ಬಂದಾಗ ನಮ್ಮ ಹೊಲದ ತಗ್ಗಿನ ಮೂಲೆ ಸವಳು ಹಿಡಿದು, ಮೇಲೆಲ್ಲ ಬಿಳಿ ಉಪ್ಪು ಎದ್ದಿತ್ತು. ಆ ಬಳ್ಳಿ ಮಣ್ಣಿನ ಉಪ್ಪು ಹೀರುತ್ತದೆಂದು ಕೇಳಿ, ತವರಿಗೆ ಹೋದಾಗ ಒಂದಿಷ್ಟು ತುಂಡು ತಂದು ನೆಟ್ಟೆ. ಏನೂ ಬೆಳೆಯದ ಜಾಗದಲ್ಲಿ ಅದು ಚಾಪೆ ಹಾಸಿದ ಹಾಗೆ ಹಬ್ಬಿತು.

ಒಂದು ದಿನ ಅದರ ಎಳೆಯ ಕುಡಿ ಕೊಯ್ದು ಬೇಯಿಸಿ, ನೀರು ಬಸಿದು, ಬೇಳೆ ಹಾಕಿ ಪಲ್ಯ ಮಾಡಿದೆ. ತವರಲ್ಲಿ ಅಮ್ಮ ಮಾಡುತ್ತಿದ್ದುದೂ ಹಾಗೆಯೇ.

"ಇದಕ್ಕ ಉಪ್ಪ ಹಾಕೂದೇ ಬ್ಯಾಡ ನೋಡು," ಎಂದು ಅತ್ತೆ ಇನ್ನೊಂದು ಸಲ ಬಡಿಸಿಕೊಂಡರು. ನನ್ನ ಪುಟ್ಟ ಮಗಳೂ ರೊಟ್ಟಿಗೆ ಹಚ್ಚಿಕೊಂಡು ತಿಂದಳು.

ನಾನು ಪಾತ್ರೆ ತೊಳೆಯುತ್ತಿದ್ದಾಗ ಗಂಡ ಹೊಲದಿಂದ ನಮ್ಮ ಮನೆಯ ಆಡನ್ನು ಹೊತ್ತುಕೊಂಡು ಬಂದರು. ಅದರ ಬಾಯಿ ತುಂಬ ನೊರೆ. ಕಾಲು ಸೆಟೆದಿದ್ದವು.

"ನಿನ್ನ ಬಳ್ಳಿಯಾಗ ಬಿದ್ದಿತ್ತು. ಅದನ್ನ ತಿಂದಿರಬೇಕು," ಎಂದರು.

ಅಂಗಳದಲ್ಲಿ ಇಳಿಸುವಷ್ಟರಲ್ಲಿ ಅದರ ಉಸಿರು ನಿಂತಿತು.

ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿದೆ. ಒಳಗೆ ಮಗಳು ಮಲಗಿದ್ದಳು. ನಿದ್ದೆಯೋ ಏನೋ ತಿಳಿಯದೆ ಅಲುಗಾಡಿಸಿ ಎಬ್ಬಿಸಿದೆ. ಅವಳು ಅತ್ತಾಗ ನನಗೆ ಸ್ವಲ್ಪ ಜೀವ ಬಂತು. ಅತ್ತೆ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ನಿಮ್ಮೂರಾಗ ಖರೇನ ತಿಂತಾರೇನ ಬೇ ಇದನ್ನ?"

"ತಿಂತಾರ್ರಿ ಅತ್ತಿ. ಆದ್ರ ಅಲ್ಲಿ ಮಣ್ಣ ಬ್ಯಾರೆ."

ಹಾಗೆಂದ ಮೇಲೆ ನನಗೆ ಇನ್ನೂ ಹೆದರಿಕೆಯಾಯಿತು. ಈ ಮಣ್ಣಿನಿಂದ ಅದು ಏನೇನು ಹೀರಿಕೊಂಡಿದೆಯೋ ಯಾರಿಗೆ ಗೊತ್ತು?

ಗಂಡ ಪಕ್ಕದ ಮನೆಯ ಜೀಪು ತಂದರು. ಸತ್ತ ಆಡನ್ನೂ ಹಿಂದೆ ಹಾಕಿಕೊಂಡು ಎಲ್ಲರೂ ಬಬಲೇಶ್ವರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ನಾನು ಮಗಳ ತುಟಿಯನ್ನೇ ನೋಡುತ್ತಿದ್ದೆ. ಅವಳು ಆಕಳಿಸಿದರೂ ನೊರೆ ಬಂತೇನೋ ಎಂದು ಸೆರಗಿನಿಂದ ಒರೆಸುತ್ತಿದ್ದೆ. ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದರು.

ಆಸ್ಪತ್ರೆಯಲ್ಲಿ ನಮ್ಮನ್ನು ಪರೀಕ್ಷಿಸಿ, ಕಾಯಲು ಹೇಳಿದರು. ಆಡನ್ನು ದನದ ಡಾಕ್ಟರ ಬಳಿ ಒಯ್ದಿದ್ದ ಗಂಡ ಬಹಳ ಹೊತ್ತಿನ ಮೇಲೆ ಬಂದರು.

"ಹೊಟ್ಟಿ ಕೊಯ್ದು ನೋಡ್ಯಾರ. ತುಂಬ ಜೋಳದ ಕೂಳಿ ಚಿಗುರು ಐತಿ. ಬಾಜೂ ಹೊಲದಾಗ ಮೇದು ಬಂದು ಇಲ್ಲಿ ಬಿದ್ದೈತಿ. ನಿನ್ನ ಬಳ್ಳಿದು ಒಂದ ಎಲಿನೂ ಇಲ್ಲ."

ಜೋಳ ಕೊಯ್ದ ಮೇಲೆ ಕೂಳೆಯಲ್ಲಿ ಒಡೆಯುವ ಚಿಗುರು ದನಕರುಗಳಿಗೆ ವಿಷವೆಂಬುದು ಈ ಕಡೆ ಎಲ್ಲರಿಗೂ ಗೊತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅತ್ತೆಯವರು ಬೆನ್ನು ಸವರಿ, "ಏಳು, ಚಾ ಕುಡಿಯೂಣು," ಎಂದರು.

ಈಗಲೂ ಅತ್ತೆ ಆಗಾಗ ಆ ಕುಡಿ ಕೊಯ್ದು ತರುತ್ತಾರೆ, ನಾನು ಪಲ್ಯ ಮಾಡುತ್ತೇನೆ. ಮಗಳ ತಟ್ಟೆಗೆ ಮಾತ್ರ ಇಂದಿಗೂ ಹಾಕಲಾರೆ.