ಎಣ್ಣೆ ಅರಿವೆ

ನನ್ನ ಗಂಡ ಕಾಲು ಮುರಿದುಕೊಂಡದ್ದು ಹೇಗೆ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಖಂಡೆ ಪೂಜೆಯ ದಿನ ಮೋಟರ್ ಸೈಕಲ್ಲಿನ ಬ್ರೇಕಿಗೆ ಮಗ್ಗದ ಎಣ್ಣೆ ಹಚ್ಚಿದ ಪುಣ್ಯಾತ್ಮರು ಅವರು. ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ನಾನೇ. ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೇನೆ, ತವರಿನಲ್ಲಿ ಹೇಳಿ ನಗಿಸಿದ್ದೇನೆ. ಮೂರು ವರ್ಷ ಹಾಗೆ ಹೇಳಿಕೊಂಡು ಬಂದೆ, ಅದರಲ್ಲಿ ಒಂದು ಮಾತು ಮಾತ್ರ ಸುಳ್ಳಿತ್ತು.

ನಮ್ಮದು ಬನಹಟ್ಟಿಯ ನೇಕಾರ ಮನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಮಗ್ಗಗಳಿವೆ. ಯಜಮಾನರು ಅವುಗಳ ಸಪ್ಪಳದಲ್ಲೇ ಹುಟ್ಟಿ ಬೆಳೆದವರು. ನಾನು ಜಮಖಂಡಿಯವಳು, ಹಿಪ್ಪರಗಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆಗೆಲ್ಲ ದಿನಾ ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು, ಸಂಜೆ ಕರೆದು ತರುವುದು ಅವರ ಕೆಲಸವಾಗಿತ್ತು. ಅಂದರೆ ದಿನಕ್ಕೆ ಎರಡು ಸಲ ನನ್ನ ಜೀವವನ್ನು ಆ ಗಾಡಿಯ ಮೇಲೆ ಇಡುತ್ತಿದ್ದೆ.

ಆ ಗಾಡಿಯ ವೈಭವವನ್ನು ಹೇಳಲೇಬೇಕು. ಚೈನು ಸಡಿಲಾಗಿ ಜೋಕಾಲಿಯಂತೆ ತೂಗುತ್ತಿತ್ತು. ಹಿಂದಿನ ಟಾಯರು ನಮ್ಮ ಮಾವನವರ ತಲೆಯಷ್ಟೇ ನುಣ್ಣಗಿತ್ತು. ಎರಡು ಕನ್ನಡಿಗಳಲ್ಲಿ ಒಂದನ್ನು ಬಿಚ್ಚಿ ಬಚ್ಚಲಿಗೆ ತೂಗುಹಾಕಿದ್ದರು, ಇನ್ನೊಂದು ಯಜಮಾನರ ಕ್ರಾಪಿನ ಕಡೆಗೆ ತಿರುಗಿತ್ತು. ಅವರ ಹೆಲ್ಮೆಟ್ಟು ಅಡಿಗೆಮನೆಯ ಮೂಲೆಯಲ್ಲಿತ್ತು, ಅದರ ತುಂಬ ಉಳ್ಳಾಗಡ್ಡಿ. ಜಮಖಂಡಿಗೆ ಹೋಗುವ ದಿನ ಉಳ್ಳಾಗಡ್ಡಿ ಬುಟ್ಟಿಗೆ ಬೀಳುತ್ತಿದ್ದವು, ಹೆಲ್ಮೆಟ್ಟು ತಲೆಗೇರುತ್ತಿತ್ತು, ಪೊಲೀಸರು ನಿಲ್ಲುವ ಸರ್ಕಲ್ ದಾಟಿದ ಕೂಡಲೇ ನನ್ನ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಗಾಡಿಯಲ್ಲಿ ಸುಸ್ಥಿತಿಯಲ್ಲಿದ್ದದ್ದು ಒಂದೇ, ಹಾರ್ನು. ಅದು ಕೆಟ್ಟ ದಿನ ಮಾತ್ರ ಅವರು ಗ್ಯಾರೇಜಿನ ಮಿಸ್ತ್ರಿಯ ಹತ್ತಿರ ಓಡುತ್ತಿದ್ದರು.

ಇದೇ ಮನುಷ್ಯ ಎಂಟು ಮಗ್ಗ ಒಟ್ಟಿಗೆ ಬಡಿಯುತ್ತಿರುವಾಗ, ಊಟಕ್ಕೆ ಕೂತಲ್ಲಿಂದಲೇ, "ಮೂರನೇದರಾಗ ಎಳಿ ಹರೀತು" ಎಂದು ಕೈ ತೊಳೆದು ಎದ್ದು ಹೋಗುವವರು. ಮಗ್ಗಕ್ಕೆ ದಿನಾ ಎಣ್ಣೆ, ವಾರಕ್ಕೊಮ್ಮೆ ಬೋಲ್ಟು ಬಿಗಿ. ಅದೇ ಕಿವಿಗೆ ತಮ್ಮ ತೊಡೆಯ ಕೆಳಗೆ ಕಟಕಟ ಅನ್ನುವ ಚೈನು ಕೇಳುತ್ತಿರಲಿಲ್ಲ. ಕೇಳಿದರೆ, "ಮಗ್ಗ ಹೊಟ್ಟಿಗೆ ಹಾಕತೈತಿ. ಗಾಡಿ ಏನ ಹಾಕತೈತಿ?" ಎನ್ನುತ್ತಿದ್ದರು. ಹೊಟ್ಟೆ ಉಳಿದರಲ್ಲವೇ ಅದಕ್ಕೆ ಹಾಕುವುದು ಎಂದು ನಾನು ಹಿಂದಿನ ಸೀಟಿನಿಂದ ಕೂಗುತ್ತಿದ್ದೆ. ಗಾಳಿಗೆ ಅದೂ ಕೇಳುತ್ತಿರಲಿಲ್ಲ.

ಅವರೊಬ್ಬರನ್ನೇ ಬೈದರೆ ಅನ್ಯಾಯವಾದೀತು. ಮುಧೋಳದಿಂದ ಬೀಳಗಿಯವರೆಗೆ ನಮ್ಮ ಗಂಡಸರಿಗೆಲ್ಲ ಒಬ್ಬನೇ ಗುರು ಇದ್ದಂತಿದೆ. ಆ ಗುರುವಿನ ಮೊದಲ ಉಪದೇಶ, ಮುಂದಿನ ಬ್ರೇಕು ಮುಟ್ಟಬೇಡ. ಮುಟ್ಟಿದರೆ ಗಾಡಿ ಪಲ್ಟಿ ಹೊಡೆಯುತ್ತದಂತೆ. ಯಜಮಾನರೂ ಬಲಗಾಲಿನ ಬ್ರೇಕನ್ನೇ ನಂಬಿದವರು. ಹ್ಯಾಂಡಲ್ಲಿನ ಮೇಲಿದ್ದ ಮುಂದಿನ ಬ್ರೇಕು ಕಂಪನಿಯವರು ಚಂದಕ್ಕೆ ಕೊಟ್ಟದ್ದು ಎಂದು ತಿಳಿದಿದ್ದರು.

"ಮುಂದಿನ ಬ್ರೇಕ ಹಿಡದ್ರ ನೆಟ್ಟಗ ಮಣ್ಣ ಮುಕ್ಕೂದು. ನಮ್ಮಪ್ಪ ಹೇಳ್ಯಾನ."

"ನಿಮ್ಮಪ್ಪಾರು ಓಡಿಸಿದ್ದು ಸೈಕಲ್ಲರೀ."

ಇದನ್ನು ಮಾತ್ರ ನಾನು ಬಿಡಲಿಲ್ಲ. ಗಾಡಿ ನಿಲ್ಲುವಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ, ಆದ್ದರಿಂದ ನಿಲ್ಲಿಸುವ ಶಕ್ತಿ ಇರುವುದು ಮುಂದಿನದಕ್ಕೇ, ಎರಡನ್ನೂ ಕೂಡಿ ಮೆಲ್ಲಗೆ ಹಿಡಿಯಬೇಕು ಎಂದು ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಹೇಳಿದ ಹಾಗೆ ತಿಂಗಳಾನುಗಟ್ಟಲೆ ಹೇಳಿದೆ. ಘರ್ಷಣೆ ಎಂದರೇನು ಎಂದು ಊಟದ ತಾಟನ್ನು ಒಣ ನೆಲದ ಮೇಲೆ, ಒದ್ದೆ ನೆಲದ ಮೇಲೆ ಸರಿಸಿ ತೋರಿಸಿದೆ. ಕೊನೆಗೆ ಕಾಟ ತಾಳಲಾರದೆ ಅವರು ಮುಂದಿನ ಬ್ರೇಕು ಹಿಡಿಯತೊಡಗಿದರು. ಒಮ್ಮೆ ಕಾಲುವೆಯ ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಗಾಡಿ ಗಕ್ಕನೆ ನಿಂತಿತು. "ಖರೆ ಹೇಳಿದಿ ನೋಡವಾ" ಎಂದು ಹಿಂದೆ ತಿರುಗಿ ಹೇಳಿದರು. ಅವತ್ತಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಅಲ್ಲಿಂದ ಮುಂದೆ ಅವರು ಆ ಬ್ರೇಕನ್ನು ಅಪ್ಪನ ಮಾತಿಗಿಂತ ಹೆಚ್ಚು ನಂಬಿದರು.

ಅದಾಗಿ ಎರಡು ತಿಂಗಳಿಗೆ ಮಹಾನವಮಿ ಬಂತು.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ನಮ್ಮೂರಲ್ಲಿ ಕಬ್ಬಿಣದ ಹಬ್ಬ. ಮಗ್ಗ ನಿಲ್ಲಿಸಿ, ಧೂಳು ಕೊಡವಿ, ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒಂದೊಂದು ತುಂಡನ್ನೂ ಫಳಫಳ ಹೊಳೆಯುವ ಹಾಗೆ ಒರೆಸುತ್ತಾರೆ. ವಿಭೂತಿ ಎಳೆದು, ಕುಂಕುಮ ಇಟ್ಟು, ಹೂ ಏರಿಸುತ್ತಾರೆ. ಕತ್ತರಿ, ಪಾನಾ, ಹೊಲಿಗೆ ಯಂತ್ರ, ಈಳಿಗೆ, ಯಾವುದನ್ನೂ ಬಿಡುವುದಿಲ್ಲ. ವರ್ಷವಿಡೀ ತಿರುಗಿ ನೋಡದ ಮೋಟರ್ ಸೈಕಲ್ಲಿಗೂ ಅವತ್ತು ಮದುಮಗನ ಸಿಂಗಾರ. ಸವೆದ ಟಾಯರಿನ ಕೆಳಗೆ ಲಿಂಬೆಹಣ್ಣು ಇಟ್ಟರಾಯಿತು, ಟಾಯರಿಗೆ ಹರೆಯ ಬಂದುಬಿಡುತ್ತದೆ.

ಯಜಮಾನರು ಅದೇ ಅರಿವೆಯಿಂದ ಗಾಡಿಯ ಪೆಟ್ರೋಲ್ ಟಾಕಿ, ಹ್ಯಾಂಡಲ್ಲು, ಮಡ್‌ಗಾರ್ಡು ಒರೆಸಿ ಸ್ನಾನಕ್ಕೆ ಹೋದರು. ನಾನು ಪೂಜೆಯ ತಾಟು ಹಿಡಿದು ಬಂದೆ. ಮುಂದಿನ ಗಾಲಿಯ ಡಿಸ್ಕು, ಅಂದರೆ ಬ್ರೇಕು ಹಿಡಿದಾಗ ಪ್ಯಾಡು ಬಂದು ಕಚ್ಚುವ ಆ ಉಕ್ಕಿನ ತಟ್ಟೆ, ಮಳೆನೀರಿಗೆ ಕಂದಿತ್ತು. ಎಲ್ಲಾ ಹೊಳೆಯುವಾಗ ಅದೊಂದು ಮಂಕಾಗಿ ಕಂಡಿತು. ಗಂಡಸರ ಕೆಲಸ ಯಾವಾಗಲೂ ಅರ್ಧಂಬರ್ಧ ಎಂದು ಗೊಣಗುತ್ತ, ಅಲ್ಲೇ ಬಿದ್ದಿದ್ದ ಎಣ್ಣೆ ಅರಿವೆ ತೆಗೆದುಕೊಂಡೆ. ಡಿಸ್ಕನ್ನು ಆ ಬದಿ ಈ ಬದಿ ಎರಡೂ ಕಡೆ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ಅದರ ಮೇಲೆ ಮೂರು ಬೆರಳಿನಿಂದ ವಿಭೂತಿಯನ್ನೂ ಎಳೆದೆ.

ಹೌದು, ಹಚ್ಚಿದವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಎಣ್ಣೆ ಹಚ್ಚಿದರೆ ಘರ್ಷಣೆ ಕಡಿಮೆಯಾಗುತ್ತದೆ ಎಂದು ಹಿಂದಿನ ವಾರವಷ್ಟೇ ಕರಿಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು ಬಂದಿದ್ದೆ.

ಪೂಜೆ ಮುಗಿಸಿ ಊಟಕ್ಕೆಂದು ಜಮಖಂಡಿಗೆ, ನನ್ನ ತವರಿಗೆ ಹೊರಟೆವು. ನಾನು ನನ್ನ ಹೆಲ್ಮೆಟ್ಟು ಹಾಕಿಕೊಂಡೆ. ಅವರದು ಪೂಜೆ ಮಾಡಿಸಿಕೊಂಡು ದೇವರ ಜಗಲಿಯ ಮೇಲೆ ಹೂ ಮುಡಿದು ಕೂತಿತ್ತು. ಪೂಜೆಗಿಟ್ಟದ್ದನ್ನು ಅವತ್ತು ಎತ್ತಬಾರದಂತೆ. "ಹಂಗಾದ್ರ ಪೂಜಿ ಮಾಡಿದ ಗಾಡಿ ಹತ್ತಬಹುದೇನ್ರಿ?" ಎಂದು ಕೇಳಿದೆ. "ಅದು ಬ್ಯಾರೆ" ಎಂದರು. ಏನು ಬೇರೆ ಎಂದು ಇವತ್ತಿಗೂ ಹೇಳಿಲ್ಲ.

ಊರ ಹೊರಗಿನ ರೋಡ್ ಹಂಪಿನಲ್ಲಿ ಅವರು, "ಬ್ರೇಕ ಯಾಕೋ ಮೆತ್ತಗ ಆದಂಗ ಆಗೇತಿ" ಎಂದರು. ನನಗದು ಸ್ಪಷ್ಟವಾಗಿ ಕೇಳಿಸಿತು.

"ನಿಮಗ ಹಿಡಿಯಾಕ ಬರೂದಿಲ್ಲ. ಕುಣೀಲಾರದಾಕಿ ನೆಲ ಡೊಂಕ ಅಂದಳಂತ," ಎಂದೆ. ಅವರು ನಕ್ಕು ಗಾಡಿ ಓಡಿಸಿದರು.

ಮುಂದೆ ಒಂದು ಟ್ರ್ಯಾಕ್ಟರ್ ಎರಡು ಖಾಲಿ ಟ್ರೇಲರ್ ಎಳೆದುಕೊಂಡು ಹೋಗುತ್ತಿತ್ತು. ಅದಕ್ಕೂ ಹಬ್ಬ. ಹಿಂದೆ ಬಾಳೆಕಂಬ ಕಟ್ಟಿದ್ದರು, ಕೆಂಪು ದೀಪವಿದ್ದರೂ ಎಲೆಯ ಮರೆಯಲ್ಲಿತ್ತು. ರಸ್ತೆಬದಿಯ ಹನುಮಪ್ಪನ ಗುಡಿ ಬಂದ ಕೂಡಲೇ ಅದರ ಚಾಲಕ ನಡುರಸ್ತೆಯಲ್ಲೇ ಗಕ್ಕನೆ ನಿಲ್ಲಿಸಿ, ಕಾಯಿ ಒಡೆಯಲು ಇಳಿದ. ಹನುಮಪ್ಪನಿಗೆ ಬದಿಗೆ ಸರಿದು ಒಡೆದ ಕಾಯಿ ನಡೆಯುವುದಿಲ್ಲವೇನೋ. ಯಜಮಾನರು ನಾನು ಕಲಿಸಿದ ಹಾಗೆಯೇ ಮುಂದಿನ ಬ್ರೇಕು ಹಿಡಿದರು. ಗಾಡಿ ಜಾರಿಕೊಂಡೇ ಹೋಯಿತು. ಕಾಲಿನ ಬ್ರೇಕು ತುಳಿದರು, ನುಣ್ಣನೆಯ ಟಾಯರು ಓಲಾಡಿತು. ಕೊನೆಯ ಗಳಿಗೆಯಲ್ಲಿ ಹ್ಯಾಂಡಲ್ಲನ್ನು ಎಡಕ್ಕೆ ಎಳೆದರು. ನಾನು ಕಬ್ಬಿನ ಗದ್ದೆಯ ಬದುವಿನ ಮೇಲೆ ಬಿದ್ದೆ, ಮೊಣಕೈ ತರಚಿತು ಅಷ್ಟೆ. ಅವರ ಬಲಗಾಲು ಟ್ರೇಲರಿನ ಕಬ್ಬಿಣದ ಮೂಲೆಗೂ ಗಾಡಿಗೂ ನಡುವೆ ಸಿಕ್ಕಿತ್ತು. ಎಲುಬು ಮುರಿದ ಆ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ಕಾಲಿನೊಳಗೆ ರಾಡು ಹಾಕಿದರು. ಹದಿನೈದು ದಿನಕ್ಕೆ ಮನೆಗೆ ಬಂದರು. ಮಿಸ್ತ್ರಿ ಗಾಡಿ ರಿಪೇರಿ ಮಾಡಿ ತಂದು, ಹಾಸಿಗೆಯ ಪಕ್ಕ ಕೂತು ಕೇಳಿದ, "ಡಿಸ್ಕಿಗೆ ಎಣ್ಣಿ ಯಾರ ಹಚ್ಚಿದವ್ರರೀ? ಪ್ಯಾಡ್ ಎಲ್ಲಾ ಎಣ್ಣಿ ಕುಡದಾವು. ಬ್ರೇಕಿಗೆ ಎಣ್ಣಿ ಹಚ್ತಾರೇನ್ರಿ ಯಾರರೆ?"

ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಯಜಮಾನರು ತಲೆ ಕೆರೆದುಕೊಂಡರು. "ನಾನ ಹಚ್ಚಿರಬೇಕಪಾ. ಮಗ್ಗ ಒರೆಸಿದಂಗ ಎಲ್ಲಾ ಒರೆಸಿದ್ನಿ."

ಆಗ ಹೇಳಬಹುದಿತ್ತು. ಚಹಾ ಆರುತ್ತದೆ ಎಂದೆ. ಸಂಜೆ ಹೊತ್ತಿಗೆ ಸುದ್ದಿ ಓಣಿಯಲ್ಲಿತ್ತು, ಮರುದಿನ ಅದನ್ನು ನಾನೇ ಹೇಳತೊಡಗಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಅವರಿಗೆ ಎದುರಿಗೇ ಹೇಳಿದ್ದೇನೆ. ಮಾಡಿದವಳು ಒಬ್ಬಳು, ಉಂಡವರು ಇನ್ನೊಬ್ಬರು ಎಂದು ಗೊತ್ತಿದ್ದೂ ನಾಲಿಗೆ ತಡವರಿಸಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾದದ್ದು ಆಮೇಲೆ, ಬಹಳ ತಡವಾಗಿ.

ಬಲಗಾಲಿಗೆ ಬ್ರೇಕು ತುಳಿಯುವಷ್ಟು ಕಸುವು ತಿರುಗಿ ಬರಲಿಲ್ಲ. ಹಾಗಾಗಿ ನಾನು ಓಡಿಸಲು ಕಲಿತೆ, ಗಾಡಿ ನನ್ನ ಕೈಗೆ ಬಂತು. ಹೊಸ ಟಾಯರು ಹಾಕಿಸಿದೆ, ಚೈನು ಬಿಗಿ ಮಾಡಿಸಿದೆ, ಬಚ್ಚಲಿನ ಕನ್ನಡಿ ತಂದು ಅದರ ಜಾಗದಲ್ಲಿ ಕೂರಿಸಿದೆ, ಉಳ್ಳಾಗಡ್ಡಿಗೆ ಬೇರೆ ಬುಟ್ಟಿ ಕೊಂಡೆ. ಹೆಣ್ಣುಮಗಳು ಮೋಟರ್ ಸೈಕಲ್ ಓಡಿಸುವುದನ್ನು ನೋಡಲು ಮೊದಮೊದಲು ಜನ ಕಟ್ಟೆಯ ಮೇಲಿಂದ ಎದ್ದು ನಿಲ್ಲುತ್ತಿದ್ದರು. ಕೆಲಸವಿಲ್ಲದವರಿಗೆ ಎದ್ದು ನಿಲ್ಲುವ ಕೆಲಸವಾದರೂ ಸಿಕ್ಕಿತು. ಯಜಮಾನರು ಬಾಗಿಲಲ್ಲಿ ಕೂತು, ದಿನಾ ಬೆಳಿಗ್ಗೆ ನಾನು ಟಾಯರಿನ ಗಾಳಿ ನೋಡದೆ ಹೊರಟರೆ ಬೈಯುತ್ತಿದ್ದರು.

ಅವರು ಇನ್ನೊಂದು ಕೆಲಸ ಶುರು ಮಾಡಿದರು. ಪ್ರತಿ ಖಂಡೆ ಪೂಜೆಯ ಬೆಳಿಗ್ಗೆ ಕುಂಟುತ್ತ ಓಣಿಯ ಒಂದೊಂದೇ ಮನೆಯ ಮುಂದೆ ನಿಂತು, "ಮಗ್ಗಕ್ಕ ಹಚ್ರಿ, ಚೈನಿಗೆ ಹಚ್ರಿ, ಬ್ರೇಕಿಗೆ ಮಾತ್ರ ಎಣ್ಣಿ ಮುಟ್ಟಸಬ್ಯಾಡ್ರಿ. ನಾ ಹಚ್ಚಿ ಕಾಲ ಕಳಕೊಂಡೇನಿ" ಎಂದು ಹೇಳುತ್ತಿದ್ದರು. ಮೊದಲ ವರ್ಷ ನಾನು ನಕ್ಕೆ. ಎರಡನೇ ವರ್ಷ ಮನೆಯೊಳಗೇ ಉಳಿದೆ.

ಈ ವರ್ಷ ಅವರು, "ಗಾಡಿ ತಗೊಂಡ ಬಾ, ತೋರಿಸಿ ಹೇಳಿದ್ರ ತಲ್ಯಾಗ ಹೊಗತೈತಿ" ಎಂದರು. ನಾನು ಗಾಡಿ ಓಡಿಸಿದೆ, ಅವರು ಹಿಂದೆ ಕೂತರು. ಮೂರನೇ ಮನೆಯಲ್ಲಿ ಒಬ್ಬ ಮುದುಕ ನೇಕಾರ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಹೆಂಡ್ತಿ ವಿಜ್ಞಾನದ ಅಕ್ಕೋರು, ಗಂಡ ಬ್ರೇಕಿಗೆ ಎಣ್ಣಿ ಹಚ್ಚೂ ಶಾಣ್ಯಾ. ಛಲೋ ಜೋಡಿ ಐತಿ ಬಿಡ್ರಿ!"

ಸುತ್ತ ಇದ್ದವರೆಲ್ಲ ನಕ್ಕರು. ಯಜಮಾನರೂ ಅವರ ಜೊತೆಗೇ ನಕ್ಕರು. ಮುದುಕ ಆಡಿದ್ದು ನನ್ನದೇ ಮಾತು, ನಾನೇ ಓಣಿಗೆ ಹಂಚಿದ್ದು. ನಗುತ್ತಿದ್ದ ಯಜಮಾನರ ಮುಖ ನೋಡಲು ನನ್ನಿಂದಾಗಲಿಲ್ಲ.

"ಅವರಲ್ರೀ," ಎಂದೆ. "ಹಚ್ಚಿದಾಕಿ ನಾನು. ಅವರು ಜಳಕಕ್ಕ ಹೋಗಿದ್ರು."

ನಗು ನಿಂತಿತು. ಯಜಮಾನರು ಡಿಸ್ಕನ್ನು ನೋಡಿದರು, ಆಮೇಲೆ ನನ್ನನ್ನು.

"ನೀನ?"

"ಹೂಂರಿ."

"ಮೂರು ವರ್ಷ ಆತಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಗಾಡಿಯಿಂದ ಇಳಿದು, ಸೀಟಿಗೆ ಕೈಯೂರಿ ನಿಂತರು.

"ಇನ್ನ ನಾಕ ಮನಿ ಅದಾವು. ನಡಿ, ನೀನ ಹೇಳು," ಎಂದರು.

ಮುಂದಿನ ಮನೆಯ ಹೆಣ್ಣುಮಗಳು ಆಗಷ್ಟೇ ಎಣ್ಣೆ ಅರಿವೆ ಹಿಡಿದು ಗಂಡನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬಗ್ಗಿ ಡಿಸ್ಕು ತೋರಿಸಿದೆ. ಇಲ್ಲಿ ಎಣ್ಣೆ ಮುಟ್ಟಿಸಬೇಡ, ನಾನು ಮುಟ್ಟಿಸಿದ್ದಕ್ಕೆ ನಮ್ಮ ಯಜಮಾನರ ಕಾಲು ಹೋಯಿತು ಎಂದು ಹೇಳಿದೆ. ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. ಅವಳ ಮಗಳು ನನ್ನ ಕ್ಲಾಸಿನಲ್ಲೇ ಓದುತ್ತಾಳೆ.

"ಅಯ್ಯ, ನೀವು ಅಕ್ಕೋರು. ಎಣ್ಣಿ ಹಚ್ಚಿದ್ರ ಜಾರತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

ಯಜಮಾನರು ನನ್ನ ಹಿಂದೆಯೇ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದರು.

"ಗೊತ್ತಿತ್ತವಾ," ಎಂದೆ. "ಸಾಲ್ಯಾಗ ಅದನ್ನ ಕಲಸ್ತೀನಿ."