ತವರಿಗೆ ಹೋದ ಬೆಳ್ಳಿ

ನಾನು ಒಮ್ಮೆ ಶುಕ್ರಗ್ರಹಕ್ಕೆ ಹೆದರಿ ಮನೆಯ ದೀಪ ಆರಿಸಿದವನು. ನಮ್ಮ ಕೊಣನೂರಿನಲ್ಲಿ ದೆವ್ವಕ್ಕೆ ಹೆದರಿದವರಿದ್ದಾರೆ, ಅಮಲ್ದಾರರಿಗೆ ಹೆದರಿದವರಿದ್ದಾರೆ, ಹೆಂಡತಿಗೆ ಹೆದರುವವರಂತೂ ಬೀದಿಗೆ ಹತ್ತು ಜನ ಸಿಕ್ಕುತ್ತಾರೆ. ಆದರೆ ಕೋಟಿಗಟ್ಟಲೆ ಮೈಲಿ ಆಚೆ ತನ್ನ ಪಾಡಿಗೆ ತಾನಿದ್ದ ಚುಕ್ಕಿಗೆ ಹೆದರಿದ ಕೀರ್ತಿ ನನ್ನದು. ಒಬ್ಬನೇ ಹೆದರಿದ್ದರೆ ಚಿಂತೆಯಿರಲಿಲ್ಲ. ಪೇಟೆ ಬೀದಿಯನ್ನೆಲ್ಲ ಹೆದರಿಸಿಬಿಟ್ಟೆ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಆ ಚುಕ್ಕಿ ಮತ್ತೆ ಬಂದಿದೆ. ಹೊತ್ತು ಮುಳುಗಿದ ಮೇಲೆ ನಮ್ಮ ದಿನಸಿ ಅಂಗಡಿಯ ಜಗಲಿಯಲ್ಲಿ ಕೂತರೆ ಸಾಕು, ಪಡುವಣದಲ್ಲಿ ಕೊಡಗಿನ ಬೆಟ್ಟಗಳ ಮೇಲೆ ದಿಟ್ಟಿಸಿ ನೋಡುತ್ತದೆ. ಅದನ್ನು ತೋರಿಸಿ ನನ್ನನ್ನು ರೇಗಿಸಬೇಕಾದವಳು ಮಾತ್ರ ಇಲ್ಲ. ನನ್ನ ಹೆಂಡತಿ ಶಿವಮ್ಮ ಹೋದ ಗೌರಿ ಹಬ್ಬಕ್ಕೆ ಒಂದು ವಾರ ಮುಂಚೆ ತೀರಿಕೊಂಡಳು. ಜ್ವರ ಬಂದಿತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಚುಕ್ಕಿಯ ಬಗ್ಗೆ ಬರೆಯಬಲ್ಲೆ.

ಎಂಟು ವರ್ಷದ ಹಿಂದಿನ ಮಾತು. ಜಪಾನಿನವರು ಯುದ್ಧಕ್ಕಿಳಿದ ಚಳಿಗಾಲ. ಹಾಸನದಿಂದ ಅರಕಲಗೂಡಿನ ಮೇಲೆ ಬರುವ ಬಸ್ಸಿನಲ್ಲಿ ನನಗೊಂದು ಪತ್ರಿಕೆ ಬರುತ್ತಿತ್ತು. ಹಿಂದಿನ ದಿನದ್ದು. ಹಾಗಾಗಿ ಯುದ್ಧವೂ ಕೊಣನೂರಿಗೆ ಒಂದು ದಿನ ತಡವಾಗಿಯೇ ಬರುತ್ತಿತ್ತು. ಮಿಡ್ಲ್ ಸ್ಕೂಲಿನವರೆಗೆ ಓದಿದವನೆಂಬ ಗೌರವಕ್ಕೆ ನಾನೇ ಅದನ್ನು ಅಂಗಡಿಯ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ರಂಗೂನಿನ ಮೇಲೆ ಬಾಂಬು ಬಿತ್ತು ಎಂದು ಪತ್ರಿಕೆಯವರು ನಿಲ್ಲಿಸಿದರೆ, ಅಲ್ಲಿಂದ ನಮ್ಮ ಕಾವೇರಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ನಾನು ಸೇರಿಸುತ್ತಿದ್ದೆ. ಕೇಳುವವರ ಬಾಯಿ ಸ್ವಲ್ಪ ತೆರೆದುಕೊಂಡರೆ ಓದುವವನಿಗೆ ಅದೊಂದು ಸುಖ.

ಅದೇ ವಾರ ದುದ್ದದಿಂದ ಕಾಗದ ಬಂತು. ದುದ್ದ ಶಿವಮ್ಮನ ತವರು. ಅವಳ ತಾಯಿ ಹಾಸಿಗೆ ಹಿಡಿದಿದ್ದರು, ಮಗಳ ಹೆಸರನ್ನೇ ಕನವರಿಸುತ್ತಿದ್ದರು. ಸಂತೆಯ ಮಾರನೆಯ ದಿನ ಬಸ್ಸಿಗೆ ಹೋಗುವುದೆಂದು ತೀರ್ಮಾನವಾಯಿತು. ಶಿವಮ್ಮ ಅವ್ವನಿಗೆಂದು ತಂಬಿಟ್ಟು ಕಟ್ಟಿದಳು, ಹಳೆಯ ಮೆತ್ತನೆಯ ಸೀರೆಯೊಂದನ್ನು ಮಡಿಸಿ ಗಂಟಿನಲ್ಲಿಟ್ಟಳು.

ಸಂತೆ ಚದುರುವ ಹೊತ್ತಿಗೆ ಆ ಬೆಳಕು ಕಂಡಿತು. ಮೊದಲು ಕಂಡವನು ಪಕ್ಕದ ಮನೆಯ ಮರಿಸಿದ್ದಪ್ಪ.

“ಅಯ್ಯಯ್ಯೋ, ಇಮಾನ ಕಣ್ರಲಾ!”

ಹಗ್ಗ ಮಾರುವವನೊಬ್ಬ ಸಂಶಯಪಟ್ಟ. “ಅದು ಅಳ್ಳಾಡ್ತಾನೇ ಇಲ್ವಲ್ಲ ಸಾ. ಇಮಾನ ಅಂದ್ಮೇಲೆ ಓಗ್ಬೇಕಲ್ವಾ?”

ಎಲ್ಲರೂ ನನ್ನ ಮುಖ ನೋಡಿದರು. ಗೊತ್ತಿಲ್ಲ ಅನ್ನಬಹುದಿತ್ತು. ಪತ್ರಿಕೆ ಓದುವವನ ಬಾಯಿಗೆ ಆ ಮಾತು ಸುಲಭವಾಗಿ ಬರುವುದಿಲ್ಲ. “ನೆಟ್ಟಗೆ ನಮ್ ಕಡೀಕೇ ಬತ್ತಾ ಇದ್ರೆ ಅಳ್ಳಾಡೋದು ಕಾಣಾಕಿಲ್ಲ ಕಣಯ್ಯ” ಎಂದೆ.

ಇಷ್ಟು ಚೆನ್ನಾದ ತರ್ಕವನ್ನು ನಾನು ಮುಂದೆಂದೂ ಮಾಡಿಲ್ಲ. ಕ್ಷಣದಲ್ಲಿ ಬೀದಿ ಖಾಲಿಯಾಯಿತು. ಮರಿಸಿದ್ದಪ್ಪನ ಹಿತ್ತಲಲ್ಲಿ ಹೊಸ ರಾಗಿ ತುಂಬಲೆಂದು ಬಾಯಿ ತೆಗೆದು ಗಾಳಿಗೆ ಬಿಟ್ಟಿದ್ದ ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಹೊಟ್ಟೆ ದೊಡ್ಡದು, ಕುತ್ತಿಗೆ ಸಣ್ಣದು. ಮರಿಸಿದ್ದಪ್ಪನದೂ ಹೊಟ್ಟೆ ದೊಡ್ಡದೇ. ಹೆದರಿಕೆಯಲ್ಲಿ ಅದರೊಳಕ್ಕೆ ಹೇಗೋ ಇಳಿದ. ಹೊರಗೆ ಬರಲು ಆಗಲಿಲ್ಲ. ಒಳಗಿನಿಂದ ಅವನ ದನಿ ಕೇಳಿಸುತ್ತಿತ್ತು.

“ಬಿತ್ತೇನ್ಲಾ ಬಾಂಬು?”

“ಇನ್ನೂ ಇಲ್ಲ ಕಣಣ್ಣ. ನೀನು ಮ್ಯಾಲಕ್ಕೆ ಬರ್ಲಿ ಅಂತ ಕಾಯ್ತಾವ್ರೆ!” ಎಂದ ಹಗ್ಗದವನು. ಆಮೇಲೆ ಅವನ ಸರಕೇ ಮರಿಸಿದ್ದಪ್ಪನನ್ನು ಮೇಲೆತ್ತಿತು.

ನಾನು ಮನೆಗೆ ಓಡಿ ದೀಪ ಆರಿಸಿದೆ. ಶಿವಮ್ಮ ಒಳಗಿನಿಂದ ಬಂದಳು.

“ಏನ್ರೀ ಇದು, ಮುಸ್ಸಂಜೇಲಿ ಹಚ್ಚಿದ ದೀಪಾನ ಆರಿಸ್ಬುಟ್ರಲ್ಲ!”

“ಇಮಾನ ಬಂದೈತೆ.”

ಅವಳು ಅಂಗಳಕ್ಕಿಳಿದು ಹಣೆಗೆ ಕೈಯೊಡ್ಡಿ ನೋಡಿದಳು. “ಬೆಳ್ಳಿ ಕಣ್ರೀ ಅದು.”

“ಬೆಳ್ಳಿ ಹೊತ್ತಾರೆ ಮೂಡ್ಲು ಕಡೆ ಹುಟ್ಟೋದು. ಸಂಜೆ ಹೊತ್ನಲ್ಲಿ ಪಡುವ್ಲು ಕಡೆ ಅದಕ್ಕೇನು ಕೆಲ್ಸ?”

“ತವರಿಗೆ ಓಗೈತೆ” ಅಂದಳು. ನಾನು ಬಾಯಿ ಬಿಡುವಷ್ಟರಲ್ಲಿ ಮುಂದುವರಿಸಿದಳು: “ಅತ್ತೆ ಮನೇಲಿದ್ದಾಗ ಕೋಳೀಗಿಂತ ಮುಂಚೆ ಏಳ್ಬೇಕು. ತವರಿಗೆ ಬಂದ್ರೆ ಹೊತ್ತು ಮುಳುಗೋಗಂಟ ಬಿದ್ಕಂಡಿದ್ದು, ದೀಪ ಹಚ್ಚೋವಾಗ ಎದ್ದು ಜಗಲಿ ಮ್ಯಾಲೆ ಕುಂತ್ಕತದೆ. ನಮ್ಮವ್ವ ಅಂಗೇ ಅಂತಿದ್ಲು.” ಆಮೇಲೆ ದನಿ ತಗ್ಗಿಸಿ, “ಅದಾದ್ರೂ ಓಯ್ತು. ನಾಳೀಕೆ ನನ್ನ ಕಳುಸ್ತೀರೋ ಇಲ್ವೋ?” ಎಂದಳು.

ಕಳಿಸಲಿಲ್ಲ. ಬಸ್ಸೋ, ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುವ ಇದ್ದಿಲ ಗ್ಯಾಸಿನ ಬಸ್ಸು. ಆ ಕೆಂಡ ವಿಮಾನದವನಿಗೆ ಕಾಣದೆ ಇರುತ್ತದೆಯೇ? ಇಮಾನ ಹೋದ ಮೇಲೆ ಹೋದರಾಯಿತು ಎಂದೆ. “ಅದು ತಿಂಗಳುಗಟ್ಲೆ ಇರ್ತದೆ ಕಣ್ರೀ” ಅಂದವಳು ಗಂಟನ್ನು ಬಿಚ್ಚದೆ ಮೂಲೆಯಲ್ಲಿಟ್ಟಳು.

ನಿಜ ಹೇಳಿಬಿಡುತ್ತೇನೆ, ಈಗ ಯಾರಿಂದ ಮುಚ್ಚಿಡಬೇಕು? ಹೆದರಿಕೆ ಅರ್ಧ, ಅನುಕೂಲ ಅರ್ಧ. ಅವಳಿಲ್ಲದಿದ್ದರೆ ಮುದ್ದೆ ತೊಳಸುವವರು ಯಾರು? ಅವಳು ತವರಿಗೆ ಹೋದಾಗಲೆಲ್ಲ ನಾಲ್ಕನೆಯ ದಿನಕ್ಕೆ ನನ್ನ ಕಾಗದ ಹೋಗುತ್ತಿತ್ತು, ಬೇಗ ಬಾ ಎಂದು. ನಮ್ಮ ಗಂಡಸರು ಇದನ್ನು ದೇವರಿಂದಲೇ ಕಲಿತಿರಬೇಕು. ಗೌರಮ್ಮ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ, ಮಾರನೆಯ ದಿನವೇ ಕರೆದುಕೊಂಡು ಹೋಗಲು ಮಗ ಬಂದು ಕೂರುತ್ತಾನೆ. ಕೈಲಾಸದಲ್ಲೂ ಮುದ್ದೆಯ ತಾಪತ್ರಯ ಇದ್ದೀತು.

ಆರು ಸಂಜೆ ಕಳೆದವು. ವಿಮಾನ ಬರಲೂ ಇಲ್ಲ, ಹೋಗಲೂ ಇಲ್ಲ. ಏಳನೆಯ ಸಂಜೆ ಬೆಲ್ಲ ಕೊಳ್ಳಲು ಬಂದ ಸ್ಕೂಲಿನ ಮೇಷ್ಟ್ರು ನನ್ನ ಕತ್ತಲು ಅಂಗಡಿ ನೋಡಿ ಕಾರಣ ಕೇಳಿದರು. ಹೇಳಿದೆ. ಅವರು ನಗಲಿಲ್ಲ, ಒಳ್ಳೆಯವರು. “ಅದು ಶುಕ್ರ ಸ್ವಾಮಿ. ಬೆಳಗಿನ ಬೆಳ್ಳಿಯೂ ಅದೇ, ಸಂಜೆಯದೂ ಅದೇ. ಸೂರ್ಯನ ಈಚೆಗೆ ಬಂದಾಗ ಕೆಲವು ದಿನ ಕಾಣದೆ, ಆಮೇಲೆ ಬೆಳಗಿನ ಜಾವ ಕಾಣುತ್ತೆ. ಎಂಟು ವರ್ಷಕ್ಕೊಮ್ಮೆ ಇದೇ ಕಾಲಕ್ಕೆ ಇದೇ ಜಾಗಕ್ಕೆ ಬರುತ್ತೆ. ನಿಮ್ಮ ಮನೆಯವರು ಹೇಳಿದ್ದು ಸರಿಯಾಗಿಯೇ ಇದೆ” ಎಂದರು.

ಬೆಳಗಾಗುತ್ತಲೇ ನಾನೇ ಅವಳನ್ನು ಕರೆದುಕೊಂಡು ದುದ್ದಕ್ಕೆ ಹೋದೆ. ಅತ್ತೆ ಬದುಕಿದ್ದರು. ಮಾತು ನಿಂತು ಎರಡು ದಿನವಾಗಿತ್ತು.

ಶಿವಮ್ಮ ನಾಲ್ಕು ದಿನ ತಾಯಿಯ ಕೈ ಹಿಡಿದು ಕೂತಿದ್ದಳು. ಎಲ್ಲ ಮುಗಿದು ಊರಿಗೆ ಬಂದ ಮೇಲೆ, “ಕೈ ಬಿಗಿಯಾಗಿ ಇಡ್ಕಂಡಿದ್ಲು. ನಾನು ಬಂದಿದ್ದು ಗೊತ್ತಾಯ್ತು ಅವ್ವಂಗೆ” ಎಂದಳು. ನನ್ನ ಮೇಲೆ ಒಂದು ಮಾತಿಲ್ಲ. ಆದರೆ ಅಂದಿನಿಂದ ಸಂಜೆಯ ಬೆಳ್ಳಿ ಕಂಡಾಗಲೆಲ್ಲ ಒಳಗಿನಿಂದ ಕೂಗುತ್ತಿದ್ದಳು: “ಬರ್ರೀ ಈಚೆಗೆ, ನಿಮ್ಮ ಇಮಾನ ಬಂದೈತೆ!” ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಅವಳ ನಗುವಿನಲ್ಲಿ ಆ ಆರು ದಿನ ಎಷ್ಟಿದ್ದವೋ, ನಾನು ಕೇಳಲಿಲ್ಲ. ಕೇಳಬೇಕಿತ್ತು. ಕೇಳಿದ್ದರೆ ಅದನ್ನೂ ನಗುತ್ತಲೇ ಹೇಳುತ್ತಿದ್ದಳೇನೋ.

ಈಗ ಎಂಟು ವರ್ಷ ತುಂಬಿದೆ. ಮೇಷ್ಟ್ರು ಹೇಳಿದಂತೆಯೇ ಬೆಳ್ಳಿ ಅದೇ ಬೆಟ್ಟದ ಮೇಲೆ, ಅದೇ ಎತ್ತರದಲ್ಲಿ ಬಂದು ಕೂತಿದೆ. ಇನ್ನು ಸ್ವಲ್ಪ ದಿನಕ್ಕೆ ಕೆಳಗಿಳಿದು ಮರೆಯಾಗಿ, ಬೆಳಗಿನ ಜಾವ ಮೂಡಣದಲ್ಲಿ ಏಳುತ್ತದೆ. ನೋಡಬೇಕೆಂದರೆ ಬೇಗ ಏಳಬೇಕು. ಮನೆಯಲ್ಲಿ ಈಗ ಮೊದಲು ಏಳುವವನೂ ನಾನೇ, ಕೊನೆಗೆ ಏಳುವವನೂ ನಾನೇ.

ನಿನ್ನೆ ಸಂಜೆ ಮರಿಸಿದ್ದಪ್ಪ ಬಂದು ಜಗಲಿಯಲ್ಲಿ ಕೂತ. ಅವನ ಹೊಟ್ಟೆಯೂ ಈಗ ಇಳಿದಿದೆ. ಆಕಾಶ ನೋಡಿದವನೇ, “ಅಣ್ಣ, ನಿನ್ನ ಇಮಾನ...” ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. ನಾನು ಎದ್ದು ದೀಪ ಹಚ್ಚಿ ಜಗಲಿಯ ಮೇಲೆ, ಪಡುವಣಕ್ಕೆ ಕಾಣುವಂತೆ ಇಟ್ಟೆ.

“ಎಷ್ಟು ದಿನ ಇರ್ತದಣ್ಣ ಅದು?” ಎಂದು ಮೆಲ್ಲಗೆ ಕೇಳಿದ.

“ಇರ್ಲಿ ಬಿಡು” ಎಂದೆ. “ತವರಿಗೆ ಓಗೈತೆ. ಈ ಸಲ ನಾನು ಕಾಗ್ದ ಬರಿಯಾಕಿಲ್ಲ.”