ಹದಿನಾರು ಕಾಲಿನ ಕೊಂಡಪ್ಪ

"ಕಾಲ್ ನಂಬರ್ ಏನು?" ಎಂದು ಅನುಸೂಯಮ್ಮ ಕೇಳಿದಾಗ ಕೊಂಡಪ್ಪ ಒಂದಿಷ್ಟೂ ತಡವರಿಸಲಿಲ್ಲ.

"ಹದಿನಾರು ಕಣಮ್ಮ. ಅದ್ರಲ್ಲಿ ನಾಲ್ಕು ಬಿದ್ದೋಗವೆ" ಎಂದ.

ಅದು ಬೆಂಗಳೂರಿನ ಒಂದು ವಿಶ್ವವಿದ್ಯಾನಿಲಯದ ಕಲೆ ಮತ್ತು ವಾಸ್ತುಶಿಲ್ಪದ ಗ್ರಂಥಾಲಯ, ೧೯೬೮ನೇ ಇಸವಿ. ಗ್ರಂಥಪಾಲಕಿ ಅನುಸೂಯಮ್ಮ ಕೇಳಿದ್ದು ಪುಸ್ತಕದ ಬೆನ್ನಿಗೆ ಅಂಟಿಸುವ ಗುರುತಿನ ಸಂಖ್ಯೆ. ಬೆಂಗಳೂರಿಗೆ ಹತ್ತಿರದ ವಿಜಯಪುರದ ಪಕ್ಕದ ಹಳ್ಳಿಯ ಕಲ್ಲುಕುಟಿಗ ಕೊಂಡಪ್ಪ ಹೇಳಿದ್ದು ತನ್ನೂರ ಕೆರೆ ಏರಿಯ ಮಂಟಪದ ಕಂಬಗಳ ಲೆಕ್ಕ. ಮಂಟಪದ ಕಂಬಕ್ಕೆ ಕಾಲು ಅನ್ನುವುದು ಅವನ ಕಸುಬಿನವರ ವಾಡಿಕೆ. ಓದುತ್ತ ಕೂತಿದ್ದವರೆಲ್ಲ ಕಿಸಕ್ಕೆಂದರು. ಅನುಸೂಯಮ್ಮ ಮಾತ್ರ ನಗದೆ ಕುರ್ಚಿ ತೋರಿಸಿ, "ಕೂತ್ಕೊಂಡು ಪೂರ್ತಿ ಹೇಳಿ" ಅಂದರು. ಆ ಒಂದು ಕಾರಣಕ್ಕೇ ಆ ತಾಯಿಗೆ ಕೈ ಮುಗಿಯಬೇಕು.

ಹಿಂದಿನ ಮಳೆಗಾಲದಲ್ಲಿ ಮಂಟಪದ ನಡುವಿನ ನಾಲ್ಕು ಕಂಬ ಉರುಳಿದ್ದವು. ಊರಿನವರ ಪ್ರಕಾರ ಕೆತ್ತನೆ ಇದ್ದದ್ದು ಆ ನಡುವಿನವಕ್ಕೇ. ರಸ್ತೆ ಮಾಡುವವರು ಬಂದು ತುಂಡುಗಳನ್ನು ಜಲ್ಲಿ ಒಡೆದುಕೊಂಡು ಹೋದರು, ಊರು ನೋಡುತ್ತ ನಿಂತಿತು. ಹೊಸ ಕಂಬದ ಕೆಲಸ ಕೊಂಡಪ್ಪನಿಗೆ ಬಂದ ಮೇಲೆ ಎಲ್ಲರ ನೆನಪೂ ಚಿಗುರಿತು ನೋಡಿ. ಒಬ್ಬ ನವಿಲಿತ್ತು ಅಂದ, ಇನ್ನೊಬ್ಬ ಹಾವು ಅಂದ. ಮುತ್ಯಾಲಮ್ಮ ಎಂಬ ಮುದುಕಿ ತನ್ನ ಅಜ್ಜನ ಮುಖವೇ ಇತ್ತೆಂದು ಹಟ ಹಿಡಿದಳು. ಪಂಚಾಯಿತಿ ಚೇರ್ಮನ್ ಮುನಿಶಾಮಪ್ಪ, "ಯುಗಾದಿ ಒಳಗೆ ಇದ್ದಂಗೇ ನಿಲ್ಸು. ಇಲ್ದಿದ್ರೆ ಸಿಮೆಂಟ್ ಕಂಬ ಹಾಕಿಸ್ತೀನಿ ಕಣಪ್ಪಾ" ಎಂದು ಗಡುವು ಕೊಟ್ಟ. ತನ್ನ ಕಾಲದಲ್ಲೇ ಆ ಮಂಟಪಕ್ಕೆ ಸಿಮೆಂಟ್ ಬರುವುದನ್ನು ನೆನೆದರೆ ಕೊಂಡಪ್ಪನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಅದಕ್ಕೇ ಮಂಟಪದ ಹಳೆಯ ಚಿತ್ರ ಹುಡುಕಿಕೊಂಡು ಗ್ರಂಥಾಲಯಕ್ಕೆ ಬಂದಿದ್ದ.

ಮೂರು ದಿನ ಹುಡುಕಿ ಅನುಸೂಯಮ್ಮ ಒಂದು ಹಳೆಯ ವರದಿಯಲ್ಲಿ ಮಂಟಪದ ಫೋಟೊ ಹಿಡಿದರು, ಜೊತೆಗೆ ಅಳತೆಯ ನಕ್ಷೆ. ಅಲ್ಲಿ ಶಾಯಿ ಪೆನ್ನು ತೆಗೆಯುವಂತಿಲ್ಲ. ಪೆನ್ಸಿಲ್ ಕೊಂಡಪ್ಪನ ಕೈಗೆ ಬಗ್ಗುತ್ತಿರಲಿಲ್ಲ. ಹೆಂಡತಿ ಪಿಳ್ಳಮ್ಮ ರೇಷ್ಮೆ ಹುರಿ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಕೊಟ್ಟ ಹುರಿದಾರವನ್ನು ನಕ್ಷೆಯ ಮೇಲೆ ಹಿಡಿದು ಬುಡದ ಪೀಠಕ್ಕೊಂದು, ನಡುವಿನ ಚೌಕಕ್ಕೊಂದು, ತಲೆಯ ಬೋದಿಗೆಗೊಂದು ಗಂಟು ಹಾಕಿಕೊಂಡ. ನಕ್ಷೆಯ ಒಂದು ಇಂಚೆಂದರೆ ಕಂಬದ ಎರಡು ಅಡಿ ಎಂದು ಅನುಸೂಯಮ್ಮ ಹೇಳಿಕೊಟ್ಟರು. ಕೆತ್ತನೆಯನ್ನು ನೋಡಿ ನೋಡಿ ಕಣ್ಣಲ್ಲಿ ತುಂಬಿಕೊಂಡ. ನವಿಲೂ ಇಲ್ಲ, ಹಾವೂ ಇಲ್ಲ, ಯಾರ ಅಜ್ಜನೂ ಇಲ್ಲ. ಇದ್ದದ್ದು ಹಂಸ, ಬಳ್ಳಿ, ಒಂದು ಮೊಲ.

ಆದರೆ ನಡುವಿನ ನಾಲ್ಕರಲ್ಲಿ ಫೋಟೊದಲ್ಲಿ ಕಂಡದ್ದು ಮೂರೇ ಕಂಬ. ನಾಲ್ಕನೆಯದು ಇನ್ನೊಂದರ ಮರೆಯಲ್ಲಿತ್ತು.

ಯುಗಾದಿಗೆ ನಾಲ್ಕೂ ನಿಂತವು. ಮೂರಕ್ಕೆ ಕೆತ್ತನೆ, ಒಂದು ಬೋಳು.

"ಏನಾದ್ರೂ ಒಂದು ಹೂವ ಕೆತ್ತಿ ಮುಗಿಸಪ್ಪ, ಯಾರು ನೋಡ್ತಾರೆ?" ಎಂದ ಮುನಿಶಾಮಪ್ಪ.

"ಕಾಣ್ದೆ ಇರೋದನ್ನ ಇತ್ತು ಅಂತ ಹೆಂಗಣ್ಣ ಕೆತ್ಲಿ?"

ಊರು ಆ ಕಂಬಕ್ಕೆ ಸೋಮಾರಿ ಕಾಲು ಎಂದು ಹೆಸರಿಟ್ಟಿತು. ಕೆಲಸ ಅರ್ಧಕ್ಕೆ ಬಿಡುವವನೆಂಬ ಮಾತು ಹಬ್ಬಿ, ನಂದಗುಡಿ ಕಡೆಯ ಒಂದು ದೇವಸ್ಥಾನದ ಕೆಲಸವೂ ಕೈತಪ್ಪಿತು. ಕೊಂಡಪ್ಪನಿಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಆ ಕಂಬದ ಮೇಲೆ ಉಳಿ ಎತ್ತಲಿಲ್ಲ. ವರ್ಷ ವರ್ಷವೂ ಸಂಕ್ರಾಂತಿ ಕಳೆದ ಮೇಲೆ ಬಸ್ಸು ಹತ್ತಿ, ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ನಾಲ್ಕನೇದು ಸಿಕ್ತಾ ತಾಯಿ?" ಎಂದು ಕೇಳುತ್ತಿದ್ದ. ಅಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಹದಿನಾರು ಕಾಲಿನವರು ಬಂದರೆಂದು ಜವಾನ ತಾನೇ ಕುರ್ಚಿ ಎಳೆದು ಕೊಡುತ್ತಿದ್ದ.

೧೯೭೬ರಲ್ಲಿ ಅನುಸೂಯಮ್ಮನವರ ಕಾರ್ಡು ಬಂತು: ಸಿಕ್ಕಿದೆ, ಬನ್ನಿ. ಅಂದು ಮುನಿಶಾಮಪ್ಪನೂ ಜೊತೆಗೆ ಹೊರಟ. ತೀರಿಕೊಂಡ ಇಂಜಿನಿಯರೊಬ್ಬರ ಮನೆಯವರು ಗ್ರಂಥಾಲಯಕ್ಕೆ ಕೊಟ್ಟ ಆಲ್ಬಮ್ಮಿನಲ್ಲಿ ಕೆರೆಯ ಕಡೆಯಿಂದ ತೆಗೆದ ಫೋಟೊ ಇತ್ತು. ನಡುವಿನವುಗಳಲ್ಲಿ ನಾಲ್ಕನೆಯ ಕಂಬವೇ ಈ ಸಲ ಮುಂದೆ, ಮರೆಯಿಲ್ಲದೆ ನಿಂತಿತ್ತು.

ಅದೂ ಬೋಳು. ಹಳೆಯ ಶಿಲ್ಪಿ ಅದಕ್ಕೆ ಒಂದು ಹೂವನ್ನೂ ಕೆತ್ತಿರಲಿಲ್ಲ.

ಕೊಂಡಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಬೇಕಾಗಿದ್ದದ್ದು ಕಣ್ಣು. ಮುನಿಶಾಮಪ್ಪ ಫೋಟೊ ನೋಡುತ್ತಲೇ, "ಎಂಟು ವರ್ಷ ಸೋಮಾರಿ ಅಂದ್ಬಿಟ್ವಲ್ಲಪ್ಪಾ ನಿನ್ನ" ಎಂದ, ಮೆತ್ತಗೆ.

ಗಂಟು ಹಾಕಿಕೊಳ್ಳಲೆಂದು ಕೊಂಡಪ್ಪ ಅಂದೂ ಹುರಿದಾರ ತಂದಿದ್ದ. ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ.